ಉಗುರಕ್ಕನ ಪಂಚಕಜ್ಜಾಯ

ಪತ್ರಿಕೆಯ ಮೇಜಿನಲ್ಲಿ ಕುಳಿತು ನಾನು ಬರೆದ ನಿಧನವಾರ್ತೆಗಳು ಎಷ್ಟೆಂದು ನನಗೇ ನೆನಪಿಲ್ಲ. ಹೆಸರು, ವಯಸ್ಸು, ಊರು, ವೃತ್ತಿ, ಅಗಲಿದ ಬಂಧುಗಳು. ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಕಳೆದ ತಿಂಗಳು ವಿಲೆ ಪಾರ್ಲೆಯ ನಮ್ಮ ಸಾಲುಕೋಣೆಗಳ ಹಳೆಯ ಚಾಳಿನ ಹೆಂಗಸೊಬ್ಬರು ತೀರಿಕೊಂಡರೆಂದು ಫೋನ್ ಬಂದಾಗಲೂ ಅಭ್ಯಾಸಬಲದಿಂದ ಮನಸ್ಸು ಆ ನಾಲ್ಕು ಸಾಲನ್ನು ಹೊಂದಿಸತೊಡಗಿತು. ವೃತ್ತಿ ಎಂಬಲ್ಲಿಗೆ ಬಂದು ನಿಂತಿತು. ‘ನಟಿಯರಿಗೆ ಕೃತಕ ಉಗುರು ಅಂಟಿಸುತ್ತಿದ್ದರು’ ಎಂದರೆ ಸುಳ್ಳಲ್ಲ. ಆದರೆ ಅವರು ಒಪ್ಪುತ್ತಿರಲಿಲ್ಲ.

“ಅಂಟಿಸ್ಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ರೆ. ಪೋಸ್ಟಾಫೀಸಲ್ಲಿ ಎಲ್ಲರೂ ಸ್ಟಾಂಪ್ ಅಂಟಿಸುವುದಿಲ್ವಾ? ಅಂಟಿದ್ದು ಏಳದ ಹಾಗೆ ನೋಡಿಕೊಳ್ಳುವುದು ಉಂಟಲ್ಲ, ಅದು ಕೆಲಸ” ಎನ್ನುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬರುವುದು ಮಂತ್ರಿಗಳದು ಇಲ್ಲವೇ ಕಳ್ಳರದು ಎಂದು ಅವರು ನಂಬಿದ್ದರು. ಎರಡೂ ತನಗೆ ಬೇಡ ಎಂದು ನನಗೆ ನೇರವಾಗಿಯೇ ಹೇಳಿದ್ದರು. ಚಾಳಿನಲ್ಲಿ ಎಲ್ಲರೂ ಅವರನ್ನು ಉಗುರಕ್ಕ ಎಂದು ಕರೆಯುತ್ತಿದ್ದರು. ಇಲ್ಲಿಯೂ ಅಷ್ಟು ಸಾಕು.

ಉಗುರಕ್ಕ ಉಡುಪಿ ಕಡೆಯವರು. ಗಂಡ ಪಾರ್ಲೆ ಸ್ಟೇಶನ್ ಹತ್ತಿರದ ಒಂದು ಅಂಗಡಿಯಲ್ಲಿ ಕಟ್ಟುಹಲ್ಲು ತಯಾರಿಸುತ್ತಿದ್ದರು. ಹಲ್ಲಿನ ಅಚ್ಚಿಗೆ ಬಳಸುವ ಒಂದು ಬಿಳಿ ಪುಡಿ, ಒಂದು ಘಾಟಿನ ದ್ರಾವಣ. ಎರಡನ್ನೂ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಗಂಡ ಮನೆಗೆ ತಂದಿದ್ದ ಸಾಮಾನಿನಲ್ಲಿ ಇವರು ತಮ್ಮ ಮುರಿದ ಕಿರುಬೆರಳಿನ ಉಗುರನ್ನು ರಿಪೇರಿ ಮಾಡಿಕೊಂಡರು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಒಸಡಿನ ಬಣ್ಣದ ಪುಡಿ. ಹತ್ತು ದಿನ ಆ ಕಿರುಬೆರಳು ನಗುತ್ತಿರುವಂತೆ ಕಾಣುತ್ತಿತ್ತು ಎಂದು ಗಂಡ ಹೇಳುತ್ತಿದ್ದರು. ಅಲ್ಲಿಂದ ಶುರುವಾಯಿತು. ವಿಮಾನದಲ್ಲಿ ಕೆಲಸ ಮಾಡುವ ಹುಡುಗಿಯರು ನಮ್ಮ ಪಾರ್ಲೆಯಲ್ಲಿ ಬಾಡಿಗೆಗೆ ಇರುತ್ತಿದ್ದರು. ಅವರಲ್ಲಿ ಒಬ್ಬಳು ಬಂದಳು, ಮತ್ತೊಬ್ಬಳನ್ನು ಕರೆತಂದಳು. ವರ್ಷ ಕಳೆಯುವುದರೊಳಗೆ ಎರಡನೆಯ ಮಹಡಿಯ ಆ ಹತ್ತು ಅಡಿಯ ಕೋಣೆಯ ಮುಂದೆ ಎತ್ತರದ ಹಿಮ್ಮಡಿಯ ಚಪ್ಪಲಿಗಳು ಸಾಲಾಗಿ ನಿಲ್ಲತೊಡಗಿದವು. ಇಡೀ ಕಾರಿಡಾರಿಗೆ ಆ ದ್ರಾವಣದ ವಾಸನೆ. ಸತ್ತ ಇಲಿಗೆ ಸೀಮೆಎಣ್ಣೆ ಹಾಕಿ ಸುಟ್ಟಂತೆ ಇದೆ ಎಂದು ಮೂರನೆಯ ಕೋಣೆಯ ಮರಾಠಿ ಆಜಿ ದೂರು ಕೊಟ್ಟರು. ಉಗುರಕ್ಕ ಮರುದಿನ ಆಜಿಯ ಹೆಬ್ಬೆರಳಿಗೇ ಒಂದು ಉಗುರು ಕಟ್ಟಿ ಕಳಿಸಿದರು. ಆಮೇಲೆ ವಾಸನೆ ಇರಲಿಲ್ಲ. ಅಂದರೆ, ದೂರು ಇರಲಿಲ್ಲ.

ಅವರು ಕೆಲಸ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಅವರಿಗೆ ಬೇಕಾಗುತ್ತಿತ್ತು. ಅದನ್ನು ಬೆರಳ ತುದಿಗೆ ಚಮಚದಂತೆ ಮಡಿಸಿಟ್ಟು ಅದರ ಮೇಲೆ ಉಗುರು ಕಟ್ಟುತ್ತಿದ್ದರು. “ನೀವು ಸಿಗರೇಟ್ ಬಿಡ್ಬೇಡಿ, ನನ್ನ ಅಂಗಡಿ ಮುಚ್ತದೆ” ಎಂದು ನನ್ನ ಹೆಂಡತಿಯ ಎದುರಿಗೇ ಹೇಳುವ ಧೈರ್ಯ ಅವರೊಬ್ಬರಿಗೇ ಇತ್ತು.

ಮೊದಲು ಸಣ್ಣ ಮರಳುಕಾಗದದಿಂದ ಉಗುರಿನ ಹೊಳಪನ್ನು ಮಾತ್ರ ತೆಗೆಯಬೇಕು, ಉಗುರನ್ನಲ್ಲ. ಬುಡದಲ್ಲಿ ಹತ್ತಿಕೊಂಡಿರುವ ತೆಳು ಚರ್ಮವನ್ನು ಕಡ್ಡಿಯಿಂದ ಹಿಂದಕ್ಕೆ ಸರಿಸಬೇಕು. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಆ ಕ್ಷಣದಿಂದ ಆ ಕೈ ಮೈಲಿಗೆಯಾಗಬಾರದು: ಕೂದಲು ಮುಟ್ಟಬಾರದು, ಸೀರೆ ಸರಿಮಾಡಬಾರದು. ವಿಮಾನದ ಹುಡುಗಿಯೊಬ್ಬಳಿಗೆ ಹೀಗೆ ಕುಳಿತಿದ್ದಾಗ ಮೂಗು ತುರಿಸಿತು. ಉಗುರಕ್ಕ ಬ್ರಶ್ಶಿನ ಹಿಂಬದಿಯಿಂದ ತಾವೇ ಅವಳ ಮೂಗು ತುರಿಸಿ, “ಇನ್ನು ಎಲ್ಲಿಯಾದ್ರೂ ಉಂಟಾ?” ಎಂದು ಗಂಭೀರವಾಗಿ ಕೇಳಿದರು.

ಕಲಸಿದ ಪುಡಿ ಸುತ್ತಲಿನ ಚರ್ಮಕ್ಕೆ ತಾಗಕೂಡದು, ಒಂದು ನೂಲಿನಷ್ಟು ಜಾಗ ಬಿಡಬೇಕು ಎಂಬುದು ಅವರ ಇನ್ನೊಂದು ಕಾನೂನು. “ಈ ಚಾಳಿನ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ರೆ ದಿನಾ ಜಗಳ. ಜಗಳ ಆದ್ರೆ ಏಳ್ತದೆ.” ನಡುವೆ ದಪ್ಪ, ಬುಡದಲ್ಲಿ ತೆಳು, ದೋಣಿಯನ್ನು ಮಗುಚಿ ಇಟ್ಟ ಹಾಗೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಉಗುರು ಬೇಗ ಏಳುತ್ತದೆಂದು, ಗಂಡನ ಕಡೆಗೆ ತಿರುಗಿರುತ್ತಿದ್ದ ಟೇಬಲ್ ಫ್ಯಾನು ಜೂನ್ ತಿಂಗಳಲ್ಲಿ ಗಿರಾಕಿಯ ಬೆರಳಿನ ಕಡೆಗೆ ತಿರುಗುತ್ತಿತ್ತು.

ಕುರ್ಲಾದಿಂದ ಒಮ್ಮೆ ಬಿಜಾಪುರ ಕಡೆಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ತೋರುಬೆರಳಿನ ಅರ್ಧ ಉಗುರು ಹೋಗಿತ್ತು. ವಾರ ಕಳೆದರೆ ಮದುವೆ. ಉಗುರಕ್ಕ ಉಳಿದ ಅರ್ಧದ ಮೇಲೆ ಇಡೀ ಉಗುರು ಕಟ್ಟಿಕೊಟ್ಟರು. ಹುಡುಗಿ ಕೈ ತಿರುಗಿಸಿ ತಿರುಗಿಸಿ ನೋಡಿ, “ಅಕ್ಕಾರ, ಇದರಾಗ ರೊಟ್ಟಿ ಬಡಿಬಹುದೇನ್ರಿ?” ಎಂದಳು.

“ಬೇಡ. ಒಂದು ತಿಂಗಳು ಅನ್ನ ಮಾಡು.”

ತಾಯಿ ಹೌಹಾರಿದಳು. “ಅಯ್ಯ, ತಿಂಗಳಾನುಗಟ್ಲೆ ಅನ್ನ ಉಂಡ್ರ ಗಂಡಿನ ಮನಿಯವ್ರು ಹುಡುಗೀನ್ನ ಹೊಳ್ಳಿ ಕಳಸ್ತಾರ್ರಿ!”

“ಹಾಗಾದ್ರೆ ಅತ್ತೆ ಬಡಿಯಲಿ. ಹೊಸ ಸೊಸೆ ಅಂತ ಹೇಳಿ ಒಂದು ತಿಂಗಳು ನಾಚಿಕೊಂಡು ಕೂತ್ಕೊ” ಎಂದರು ಉಗುರಕ್ಕ.

ಗೋರೆಗಾಂವಿನ ಸಿನಿಮಾ ಸ್ಟುಡಿಯೋದ ಕೆಲಸ ಅವರಿಗೆ ಹೇಗೆ ಸಿಕ್ಕಿತೆಂಬುದು ಸ್ವಾರಸ್ಯದ ಸಂಗತಿ. ಆ ಕಾಲದಲ್ಲಿ ಮೇಕಪ್ ಕೋಣೆಯಲ್ಲಿ ಮುಖ ಗಂಡಸರದು, ಕೂದಲು ಹೆಂಗಸರದು. ಉಗುರು ಯಾರದೆಂದು ಯಾರೂ ತೀರ್ಮಾನಿಸಿರಲಿಲ್ಲ. ಆ ಸಂದಿಯಲ್ಲಿ ಉಗುರಕ್ಕ ನುಸುಳಿದರು. ಮೇಕಪ್ಪಿನ ಮುಖ್ಯಸ್ಥ ಒಬ್ಬ ಮರಾಠಿ ಹಿರಿಯ, ಎಲ್ಲರಿಗೂ ದಾದಾ. ಕೂದಲಿನ ಕೆಲಸಕ್ಕೆ ಇದ್ದವಳು ಮಂಗಳೂರಿನ ಒಬ್ಬ ಕ್ರೈಸ್ತ ಹೆಂಗಸು. ಯಾವಾಗಲೂ ಫ್ರಾಕು ತೊಡುತ್ತಿದ್ದುದರಿಂದ ಎಲ್ಲರೂ ಫ್ರಾಕ್‌ಬಾಯಿ ಎನ್ನುತ್ತಿದ್ದರು. ಗಂಡ ಇರಲಿಲ್ಲ, ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳಿದ್ದರು. ಕುರ್ಲಾದಿಂದ ದಾದರ್ ಸ್ಟೇಶನ್ನಿಗೆ, ಅಲ್ಲಿಂದ ಗೋರೆಗಾಂವಿಗೆ ಲೋಕಲ್ ರೈಲು ಬದಲಿಸಿ ದಿನವೂ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು.

ಚಿತ್ರದ ನಾಯಕಿಗೆ ಉದ್ದನೆಯ ಕೆಂಪು ಉಗುರು ಬೇಕಿತ್ತು. ಕಥೆಯಲ್ಲಿ ಆಕೆ ಶ್ರೀಮಂತೆ, ಆದ್ದರಿಂದ ಮನೆಗೆಲಸ ಮಾಡುವುದಿಲ್ಲ ಎಂದು ತೋರಿಸಲು ಬೇರೆ ದಾರಿ ನಿರ್ದೇಶಕರಿಗೆ ಹೊಳೆದಿರಲಿಲ್ಲ. ಪಾರ್ಲೆಯಲ್ಲಿ ತಿಂಗಳುಗಟ್ಟಲೆ ಏಳದಿದ್ದ ಉಗುರಕ್ಕನ ಉಗುರು ಅಲ್ಲಿ ಎರಡನೆಯ ದಿನಕ್ಕೇ ಎದ್ದಿತು. ನಾಯಕಿ ಕಾಗದವೊಂದನ್ನು ಓದಿ ಲಕೋಟೆಗೆ ಹಾಕುವ ದೃಶ್ಯ. ಕಾಗದದ ಜೊತೆ ಹೆಬ್ಬೆರಳಿನ ಉಗುರೂ ಲಕೋಟೆಯೊಳಗೆ ಹೋಯಿತು. ಮತ್ತೆ ಕಟ್ಟಿದರು. ಎರಡನೆಯ ಸಲ ಆಕೆ ತಲೆಗೂದಲನ್ನು ಹಿಂದಕ್ಕೆ ತಳ್ಳಿದಾಗ ಎದ್ದ ಉಗುರಿನ ಅಡಿಗೆ ಕೂದಲು ಸಿಕ್ಕಿ ಎಳೆದು, ಆಕೆ ಚೀರಿದಳು. ನಿರ್ದೇಶಕರಿಗೆ ಆ ಚೀರು ಹಿಡಿಸಿತು, ಉಗುರು ಹಿಡಿಸಲಿಲ್ಲ. ದಾದಾರನ್ನು ಕರೆದು, ಇದಕ್ಕೆ ಹೊಣೆ ಯಾರೋ ಅವರು ಸೋಮವಾರದಿಂದ ಬರಬಾರದು ಎಂದರು.

ದಾದಾ ಕೋಣೆಗೆ ಬಂದು ಕೇಳಿದಾಗ ಉಗುರಕ್ಕ ಮುಗ್ಗರಿಸಿದರು. ಉಗುರಿನ ಅಡಿಯಲ್ಲಿ ಸಿಕ್ಕಿದ್ದ ಆ ಕೂದಲೆಳೆಯನ್ನು ಎತ್ತಿ ತೋರಿಸಿ, “ಬಾಲ್ ಕಾ ತೇಲ್” ಎಂದರು. ಕೂದಲಿಗೆ ಕೈಹಾಕುವವಳ ಕೈಯ ಎಣ್ಣೆ ನಾಯಕಿಯ ಬೆರಳಿಗೆ ತಾಗಿರಬೇಕು ಎಂಬುದು ಅವರ ವಾದ. ತಾನು ಎಣ್ಣೆ ಮುಟ್ಟುವುದೇ ಇಲ್ಲ ಎಂದು ಫ್ರಾಕ್‌ಬಾಯಿ ಮೂರು ಭಾಷೆಗಳಲ್ಲಿ ಹೇಳಿದಳು. ಯಾರೂ ಕೇಳಲಿಲ್ಲ. ಸೋಮವಾರ ಬಂದು ಸಾಮಾನು ತೆಗೆದುಕೊಂಡು ಹೋಗು ಎಂದರು ದಾದಾ.

ಇದೆಲ್ಲ ನನಗೆ ಶನಿವಾರ ಸಂಜೆ ತಿಳಿದದ್ದು. ಉಗುರಕ್ಕನ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ.

“ನೀವು ಪೇಪರಿನವರು. ಏನಾದರೂ ಆದ್ರೆ ಯಾಕೆ, ಎಲ್ಲಿ, ಯಾವಾಗ ಅಂತ ಕೇಳ್ತೀರಲ್ಲ. ಕೇಳಿ ನನ್ನನ್ನು” ಎಂದರು.

ನಾನು ನೋಟ್‌ಬುಕ್ ತೆಗೆದೆ. “ಎದ್ದದ್ದು ಯಾವ ಕೈಯ ಉಗುರು?”

“ಬಲ.”

“ಎರಡು ಸಲವೂ?”

“ಮೂರು ಸಲವೂ. ನಿಮ್ಮ ಹತ್ರ ಎಂತ ಮುಚ್ಚಿಡುವುದು, ಒಂದು ಸಲ ಯಾರಿಗೂ ಗೊತ್ತಾಗದ ಹಾಗೆ ನಾನೇ ಸರಿ ಮಾಡಿದ್ದೇನೆ.”

“ಯಾವ ಬೆರಳು?”

“ಹೆಬ್ಬೆರಳು. ಮತ್ತೆ ತೋರುಬೆರಳು, ನಡುಬೆರಳು.”

“ಉಳಿದ ಎರಡು?”

“ಕಲ್ಲಿನ ಹಾಗೆ ಉಂಟು. ಎಡಗೈ ಇಡೀ ಕಲ್ಲಿನ ಹಾಗೆ ಉಂಟು.”

“ಕೂದಲಿನ ಎಣ್ಣೆಯಾದರೆ ಮೂರೇ ಬೆರಳು ನೋಡಿ ತಾಗುತ್ತದೆಯೇ?”

ಉಗುರಕ್ಕನಿಗೆ ಸಿಟ್ಟು ಬಂತು. “ನಿಮಗಿಂತ ಪೊಲೀಸರು ಒಳ್ಳೆಯವರು. ಮೊದಲು ಪ್ರಸಾದ ತೆಗೊಳ್ಳಿ, ಆಮೇಲೆ ಕೇಳಿ” ಎಂದು ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದು ಮುಂದೆ ಹಿಡಿದರು.

ಇಲ್ಲಿ ಪಂಚಕಜ್ಜಾಯದ ವಿಷಯ ಹೇಳಬೇಕು. ಕಡಲೆ, ಬೆಲ್ಲ, ಎಳ್ಳು, ತೆಂಗಿನ ತುರಿ, ತುಪ್ಪ ಸೇರಿಸಿ ಗಣಪತಿಗೆ ನೈವೇದ್ಯ ಮಾಡುವುದು ಅವರ ಕಡೆಯ ವಾಡಿಕೆ. ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ವಿಘ್ನ ಬಾರದಿರಲೆಂದು. ಪಾರ್ಲೆಯ ಗಿರಾಕಿಗಳಿಗೆ ಅವರು ಅದನ್ನೆಲ್ಲ ಮಾಡುತ್ತಿರಲಿಲ್ಲ. ಸ್ಟುಡಿಯೋ ದೊಡ್ಡ ಕೆಲಸ. ಆದ್ದರಿಂದ ಅಲ್ಲಿಗೆ ಹೋಗುವ ದಿನ ಬೆಳಿಗ್ಗೆ ಪೂಜೆ ಮಾಡಿ ಡಬ್ಬಿ ತುಂಬಿಸಿಕೊಂಡು ಹೊರಡುತ್ತಿದ್ದರು. ನಾಯಕಿಯೂ ಭಕ್ತೆ, “ಅಕ್ಕಾ, ಪರಸಾದ್?” ಎಂದು ತಾನೇ ಕೇಳುತ್ತಿದ್ದಳು.

ನಾನು ಮೂರು ಬೆರಳಿನಲ್ಲಿ ಚಿವುಟಿ ಬಾಯಿಗೆ ಹಾಕಿಕೊಂಡೆ. ಎಲ್ಲರೂ ಮಾಡುವಂತೆ ಉಳಿದದ್ದನ್ನು ತಲೆಗೂದಲಿಗೆ ಸವರಿಕೊಂಡೆ. ಉಗುರಕ್ಕನ ಕಣ್ಣು ನನ್ನ ಬೆರಳುಗಳ ಮೇಲೆ ನಿಂತುಬಿಟ್ಟಿತು.

“ಹಾಗೇ ಇರಿ. ಕೈ ಕೆಳಗೆ ಹಾಕ್ಬೇಡಿ.”

ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ತುಪ್ಪಕ್ಕೆ ಮಿನುಗುತ್ತಿದ್ದವು.

“ಅಕ್ಕ, ಸ್ಪಿರಿಟ್ಟಿನಲ್ಲಿ ಒರೆಸುವುದು ಪ್ರಸಾದ ಕೊಟ್ಟ ಮೇಲಲ್ಲವೇ?”

ಅವರು ನನ್ನ ಕೈ ಬಿಟ್ಟು ಡಬ್ಬಿಯ ಮುಚ್ಚಳ ಹಾಕಿದರು. “ಮೊದಲು. ಕೊಳೆ ಕೈಯಲ್ಲಿ ಪ್ರಸಾದ ಕೊಡ್ಲಿಕ್ಕೆ ಆಗ್ತದಾ? ಕೈ ಶುದ್ಧ ಮಾಡಿ, ಪ್ರಸಾದ ಕೊಟ್ಟು, ಬಟ್ಟೆಯಲ್ಲಿ ಒರೆಸಿ, ಶುರು ಮಾಡ್ತೇನೆ.”

ವಿಘ್ನ ಬಾರದಿರಲೆಂದು ಕೊಟ್ಟದ್ದೇ ವಿಘ್ನವಾಗಿತ್ತು. ಆದರೆ ಇದು ಊಹೆ. ಊಹೆಯನ್ನು ಅಚ್ಚಿಗೆ ಕಳಿಸುವುದಿಲ್ಲ. ಪುರಾವೆ ಬೇಕೆಂದೆ. ಹಾಗೆ ಹೇಳಿದ್ದು ನನ್ನ ತಪ್ಪು. ಉಗುರಕ್ಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಬಲಗೈಯ ಹೊಳಪು ತೆಗೆದು, ಸ್ಪಿರಿಟ್ ಹಚ್ಚಿ, ಮತ್ತೊಮ್ಮೆ ಪ್ರಸಾದ ತಿನ್ನಿಸಿ, ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿಗೂ ಉಂಗುರಬೆರಳಿಗೂ ಒಂದೊಂದು ಉಗುರು ಕಟ್ಟಿದರು.

ಮರುದಿನ ಭಾನುವಾರ ನನಗೆ ಡ್ಯೂಟಿ. ನನ್ನ ಕೈ ನೋಡಿದ ಮುಖ್ಯ ಉಪಸಂಪಾದಕರು ಕನ್ನಡಕ ಕೆಳಗಿಳಿಸಿ, “ಏನ್ರೀ ಇದು, ಸಿನಿಮಾ ಪುಟಕ್ಕೆ ವರ್ಗ ಬೇಕಿದ್ರೆ ಬಾಯಲ್ಲಿ ಕೇಳಬಾರದಿತ್ತೇ?” ಎಂದರು. ಟೆಲಿಪ್ರಿಂಟರಿನ ಹಾಳೆಗಳನ್ನು ಹರಿಯುತ್ತ ಹರಿಯುತ್ತ, ಸಂಜೆಯ ಚಹಾದ ಹೊತ್ತಿಗೆ ಹೆಬ್ಬೆರಳಿನ ಉಗುರು ಬುಡದಿಂದ ಬಾಯಿ ಬಿಟ್ಟಿತು. ಉಂಗುರಬೆರಳಿನದು ಕದಲಲಿಲ್ಲ. ಅದನ್ನು ಉಜ್ಜಿ ತೆಗೆಯುವವರೆಗೆ ನಾನು ನಾಲ್ಕು ದಿನ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಕಾಯಿತು.

ಚಾಳಿಗೆ ಮರಳಿ ಉಗುರಕ್ಕನಿಗೆ ಹೆಬ್ಬೆರಳು ತೋರಿಸಿದೆ. ಅವರು ಅದನ್ನು ಒತ್ತಿ ನೋಡಿದರು, ಮತ್ತೆ ಒತ್ತಿದರು.

“ನಾಳೆಯಿಂದ ಪ್ರಸಾದ ಆಮೇಲೆ ಕೊಟ್ರೆ ಆಯ್ತು” ಎಂದರು. “ದೇವರಿಗೆ ಕಾಯ್ಲಿಕ್ಕೆ ಬರ್ತದೆ, ಕ್ಯಾಮೆರಾಕ್ಕೆ ಬರುವುದಿಲ್ಲ. ಉಗುರು ಏಳುವುದಿಲ್ಲ. ಆ ಫ್ರಾಕ್‌ಬಾಯಿ ಹೋದ ಮೇಲೆ ಎಲ್ಲ ಸರಿ ಆಯ್ತು ಅಂತ ಹೇಳ್ತಾರೆ. ಅಲ್ವಾ?”

“ಹೌದು.”

“ಯಾರಿಗೂ ಗೊತ್ತಾಗುವುದಿಲ್ಲ.”

“ಇಲ್ಲ.”

“ನೀವಾದ್ರೆ ಪೇಪರಲ್ಲಿ ಹಾಗೇ ಬರೀತೀರಾ?”

“ಗೊತ್ತಿದ್ದು ಬರೆಯುವುದಿಲ್ಲ. ಗೊತ್ತಿಲ್ಲದೆ ಎಷ್ಟೋ ಬರೆದಿದ್ದೇವೆ.”

ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಗಂಡನ ಊಟಕ್ಕೆ ತಟ್ಟೆ ಇಡಲು ಎದ್ದುಹೋದರು. ನಾನೂ ನನ್ನ ಕೋಣೆಗೆ ಹೋದೆ. ಸುದ್ದಿ ಕೊಡುವುದು ನಮ್ಮ ಕೆಲಸ, ಸಂಪಾದಕೀಯ ಬೇರೆಯವರದು. ತಪ್ಪು ತನ್ನದೆಂದು ಒಪ್ಪಿ ಸ್ಟುಡಿಯೋ ಬಿಟ್ಟರೆ ಮತ್ತೆ ಅಲ್ಲಿಗೆ ಹೋಗಲಾಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ದಾದಾ ಹೊರಗೆ ಹಾಕಿದವರನ್ನು ಬೇರೆ ಸ್ಟುಡಿಯೋದ ದಾದಾ ಒಳಗೆ ಕರೆಯುವ ಪದ್ಧತಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದರು. ಕೈಯಲ್ಲಿ ಚೀಲ, ಡಬ್ಬಿ. “ನಿಮಗೆ ಇವತ್ತು ರಜೆ ಅಲ್ವಾ? ಬನ್ನಿ. ಆ ಹೆಬ್ಬೆರಳು ಬೇಕು.”

ಮೇಕಪ್ ಕೋಣೆಯಲ್ಲಿ ನಾಯಕಿ ಆಗಲೇ ಕನ್ನಡಿಯ ಮುಂದೆ ಇದ್ದಳು. ಮೂಲೆಯಲ್ಲಿ ಫ್ರಾಕ್‌ಬಾಯಿ ತನ್ನ ಬಾಚಣಿಗೆ, ಪಿನ್ನುಗಳನ್ನು ಒಂದೊಂದಾಗಿ ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದಳು. ಉಗುರಕ್ಕ ನಾಯಕಿಯ ಉಗುರುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಎಂದಿನಂತೆ ಪ್ರಸಾದದ ಡಬ್ಬಿಗೆ ಕೈಹಾಕಲಿಲ್ಲ. ನೇರವಾಗಿ ದಾದಾರ ಮುಂದೆ ಹೋಗಿ ನಿಂತರು.

“ದಾದಾ, ಗಲ್ತಿ ಮೇರಾ ಹೈ. ಇಸ್ಕಾ ನಹೀಂ.”

ತಪ್ಪು ತನ್ನದು, ಅವಳದಲ್ಲ ಎಂದ ಮೇಲೆ ತಮಗೆ ತಿಳಿದಷ್ಟು ಹಿಂದಿಯಲ್ಲಿ ತುಪ್ಪ, ತೆಂಗಿನಕಾಯಿ, ಗಣಪತಿ ಎಲ್ಲವನ್ನೂ ಹೇಳಿದರು. ಹಿಂದಿ ಮುಗಿದಾಗ ನನ್ನ ಕೈ ಹಿಡಿದೆಳೆದು ಹೆಬ್ಬೆರಳನ್ನೂ ಉಂಗುರಬೆರಳನ್ನೂ ತೋರಿಸಿದರು. ದಾದಾ ಬಹಳ ಹೊತ್ತು ನನ್ನ ಬೆರಳುಗಳನ್ನು ನೋಡಿ, ಅದಕ್ಕಿಂತ ಹೆಚ್ಚು ಹೊತ್ತು ನನ್ನ ಮೀಸೆಯನ್ನು ನೋಡಿದರು. ಕೊನೆಗೆ, “ಏಕ್ ತೋ ಜಾಯೇಗಾ. ಮೈನೇ ಜಬಾನ್ ದಿಯಾ ಹೈ” ಎಂದರು. ಒಬ್ಬರನ್ನು ಕಳಿಸುತ್ತೇನೆಂದು ನಿರ್ದೇಶಕರಿಗೆ ಮಾತು ಕೊಟ್ಟಾಗಿತ್ತು. ಯಾರು ಹೋಗಬೇಕೆಂದು ಫ್ರಾಕ್‌ಬಾಯಿಯೇ ಹೇಳಲಿ ಎಂದು ಅವಳ ಕಡೆಗೆ ತಿರುಗಿದರು. ಉಗುರಕ್ಕ ತಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು.

ಫ್ರಾಕ್‌ಬಾಯಿ ಪಿನ್ನು ತುಂಬುವುದನ್ನು ನಿಲ್ಲಿಸಿ, ಕನ್ನಡದಲ್ಲಿ ಉಗುರಕ್ಕನನ್ನು ತರಾಟೆಗೆ ತೆಗೆದುಕೊಂಡಳು.

“ನಾನು ದಿನಾ ನೋಡ್ತಾ ಇದ್ದೇನೆ. ಹೀರೋಯಿನ್‌ಗೆ ಕೊಡ್ತಿ, ದಾದನಿಗೆ ಕೊಡ್ತಿ, ಲೈಟಿನವರಿಗೆ ಸಹ ಕರೆದು ಕೊಡ್ತಿ. ನನಗೆ ಒಂದು ದಿನ ಬೇಕಾ ಅಂತ ಕೇಳಿದ್ಯಾ?”

“ನೀನು ಕ್ರಿಶ್ಚನ್ ಅಲ್ವಾ” ಎಂದರು ಉಗುರಕ್ಕ ಸಣ್ಣ ದನಿಯಲ್ಲಿ. “ತಿನ್ನುವುದಿಲ್ಲ ಅಂತ...”

“ತಿನ್ನುವುದು ಬಿಡುವುದು ನನ್ನ ಇಷ್ಟ. ಕೇಳುವುದು ನಿನ್ನ ಮರ್ಯಾದೆ. ಈ ಕೋಣೆಯಲ್ಲಿ ಆ ತುಪ್ಪ ಕೈಗೆ ತಾಗಿಸಿಕೊಳ್ಳದವಳು ನಾನೊಬ್ಬಳೇ. ಎಣ್ಣೆಕೈ ಅಂತ ಹೆಸರು ಬಂದದ್ದು ಯಾರಿಗೆ? ನನಗೆ!”

ದಾದಾರಿಗೆ ಕನ್ನಡ ಬಾರದು. ಆದರೂ ಅವರು ತಲೆ ತಗ್ಗಿಸಿದರು. ಉಗುರಕ್ಕ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು. ಫ್ರಾಕ್‌ಬಾಯಿ ಕೈ ನೀಡಲಿಲ್ಲ.

“ನನ್ನದು ಎಣ್ಣೆಕೈ ಅಲ್ವಾ? ನೀನೇ ಹಾಕು” ಎಂದು ಬಾಯಿ ತೆರೆದಳು.

ಉಗುರಕ್ಕ ಮೂರು ಬೆರಳಿನಲ್ಲಿ ತೆಗೆದು ಅವಳ ಬಾಯಿಗೆ ಹಾಕಿದರು. ಅವಳು ನಿಧಾನವಾಗಿ ಅಗಿದಳು. ನಾಯಕಿ, ದಾದಾ, ನಾನು ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದೆವು.

“ಬೆಲ್ಲ ಕಡಿಮೆ” ಎಂದಳು. ಆಮೇಲೆ ದಾದಾರ ಕಡೆ ತಿರುಗಿ, “ಡೈರೆಕ್ಟರ್ ಕೋ ಬೋಲೋ, ನಾರಿಯಲ್ ಕೋ ನಿಕಾಲ್ ದಿಯಾ” ಎಂದಳು.

ತೆಂಗಿನಕಾಯಿಯನ್ನು ಕೆಲಸದಿಂದ ತೆಗೆದುಹಾಕಿದ ಸುದ್ದಿಯನ್ನು ದಾದಾ ನಿರ್ದೇಶಕರಿಗೆ ಯಾವ ಮಾತಿನಲ್ಲಿ ತಲುಪಿಸಿದರೋ ನಾನು ಕೇಳಲಿಲ್ಲ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಶಾಟಿಗೆ ತಡವಾಯಿತೆಂದು ಹೊರಗೆ ಯಾರೋ ಕೂಗುತ್ತಿದ್ದರು. ಉಗುರಕ್ಕ ಹಿತ್ತಿಲ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆಯುತ್ತಿದ್ದರು. ಅವರು ಬರುವವರೆಗೆ ನಾಯಕಿಯ ಬಲಗೈಯನ್ನು ಫ್ರಾಕ್‌ಬಾಯಿ ಮಣಿಕಟ್ಟಿನ ಬಳಿ ಹಿಡಿದು ಎತ್ತಿಕೊಂಡು ನಿಂತಿದ್ದಳು. ಬೆರಳಿಗೆ ಯಾರೂ, ಏನೂ ತಾಗದ ಹಾಗೆ.